ಎಂಟು ತಿಂಗಳು ಸೋರಿದ ನಲ್ಲಿ, ಯಾರ ಲೆಕ್ಕದಲ್ಲೂ ಇಲ್ಲದ ನೂರು ಗಂಟೆ

1/10

ಈ ಫೋಟೋಲಿ ಇರೋದು ನಮ್ಮನೆ ಅಡುಗೆಮನೆ ಸಿಂಕಿನ ಹಳೇ ನಲ್ಲಿ. ಕೆಳಗಡೆ ಇರೋ ಸ್ಟೀಲ್ ಬೋಗುಣಿ ಅಮ್ಮಂದು. ಹೋದ ಭಾನುವಾರ ಈ ನಲ್ಲಿ ಬಿಚ್ಚಿ ಹೊಸದು ಹಾಕಿದ್ದು ನಾನೇ. ಸ್ಟೋರಿ ಹಾಕಿದ್ನಲ್ಲ, ನೋಡಿರ್ತೀರ.

ಆ ಸ್ಟೋರಿಗೆ ಬಂದ ಮೆಸೇಜು ಎರಡೇ ಥರ. ಒಂದು ನಮ್ಮ ಲಾಸ್ಟ್ ಬೆಂಚ್ ಹುಡುಗರದು: "ಏನ್ ಗುರು, ಬಿಕಾಂ ಬಿಟ್ಟು ಪ್ಲಂಬಿಂಗ್ ಲೈನಿಗೆ ಹೋದ್ಯಾ?" ಇನ್ನೊಂದು ಉಳಿದ ಎಲ್ಲರದು: "ಎಂಥಾ ಒಳ್ಳೆ ಮಗ! ಆಂಟಿ ಪುಣ್ಯ ಮಾಡಿದ್ರು."

ಮೊದಲನೇದಕ್ಕೆ ನಕ್ಕೆ. ಎರಡನೇದಕ್ಕೆ ಏನು ರಿಪ್ಲೈ ಮಾಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. ಯಾಕಂದ್ರೆ ಸ್ಟೋರಿಲಿ ಒಂದು ವಿಷಯ ನಾನು ಹಾಕಿರ್ಲಿಲ್ಲ. ಆ ನಲ್ಲಿ ಸೋರೋಕೆ ಶುರುವಾಗಿ ಎಂಟು ತಿಂಗಳಾಗಿತ್ತು.

ಎಂಟು ತಿಂಗಳು ಸುಮ್ನಿದ್ದು ಒಂದು ಭಾನುವಾರ ಮುಕ್ಕಾಲು ಗಂಟೆ ಕೆಲಸ ಮಾಡಿದೋನು ಒಳ್ಳೆ ಮಗ. ಆ ಎಂಟು ತಿಂಗಳೂ ಬೋಗುಣಿ ಬದಲಾಯಿಸಿದೋಳಿಗೆ ಏನು ಹೆಸರು? ಅದಕ್ಕೆ ಯಾರೂ ಹಾರ್ಟ್ ಕಳಿಸಲಿಲ್ಲ. ನಾನೂ ಕಳಿಸಿರಲಿಲ್ಲ.

ಅದಕ್ಕೇ ಈ ಸೀರೀಸ್. ನಲ್ಲಿ ಹಾಕೋದು ಹೇಗೆ ಅಂತ ತಿಳ್ಕೊಳೋಕೆ ಬಂದಿದ್ರೆ 7, 8ನೇ ಭಾಗಕ್ಕೆ ಹೋಗಿ, ಪೂರ್ತಿ ಬರೆದಿದ್ದೀನಿ. ಆದ್ರೆ ಅದಕ್ಕಿಂತ ಮುಂಚೆ ಒಂದು ಜಗಳ ಇದೆ. ಜಗಳ ನಿಮ್ಮ ಜೊತೆ, ನಮ್ಮಪ್ಪನ ಜೊತೆ, ಎಲ್ಲಕ್ಕಿಂತ ಜಾಸ್ತಿ ನನ್ನ ಜೊತೆ.

2/10

ಶುರುವಾಗಿದ್ದು ಆಯುಧಪೂಜೆ ದಿನ. ಚೆನ್ನಾಗಿ ನೆನಪಿದೆ. ಅಪ್ಪ ಬೈಕ್ ತೊಳೆದು ನಿಂಬೆಹಣ್ಣು, ಸೇವಂತಿಗೆ ಹೂವು ಎಲ್ಲಾ ರೆಡಿ ಮಾಡ್ಕೊಂಡಿದ್ರು. ನಾನು ಲ್ಯಾಪ್‌ಟಾಪಿಗೆ ಕುಂಕುಮ ಇಡ್ತಿದ್ದೆ. ಈಳಿಗೆಮಣೆ, ಚಾಕು, ಹೊಲಿಗೆ ಮಿಷಿನ್ನಿಗೆ ಕುಂಕುಮ ಇಟ್ಟಿದ್ದು ಅಮ್ಮ. ಆಗ ಒಳಗಿಂದ ಹೇಳಿದ್ಲು, "ನಲ್ಲಿ ತಿರುಗಿಸಿದ್ರೂ ನಿಲ್ತಿಲ್ಲ ಕಣ್ರೋ."

ಅಪ್ಪ "ಹಬ್ಬ ಮುಗೀಲಿ" ಅಂದ್ರು. ಹಬ್ಬ ಮುಗೀತು.

ದೀಪಾವಳಿಗೆ ಎರಡನೇ ಸಲ ಹೇಳಿದ್ಲು. ಅಷ್ಟೊತ್ತಿಗೆ ಮೂತಿಯಿಂದ ತೊಟ್ಟಿಕ್ಕೋದಷ್ಟೇ ಅಲ್ಲ, ನಲ್ಲಿ ಕತ್ತು ಅಡ್ಡಡ್ಡ ತಿರುಗುತ್ತಲ್ಲ, ಆ ಜಾಗದಿಂದಲೂ ನೀರು ಬಂದು ಕಲ್ಲಿನ ಮೇಲೆ ಹರೀತಿತ್ತು. ಸಂಕ್ರಾಂತಿ ಹೊತ್ತಿಗೆ ಮೂರನೇ ಸಲ ಹೇಳಿದ್ಲು. ನಾಲ್ಕನೇ ಸಲ ಹೇಳಲೇ ಇಲ್ಲ. ಅವಳು ಹೇಳೋದು ನಿಲ್ಲಿಸಿದ್ಮೇಲೆ ನಾವು ಮೂರು ಜನ ಗಂಡಸರು, ಅಪ್ಪ, ನಾನು, ತಮ್ಮ, ಪ್ರಾಬ್ಲಮ್ ಮುಗೀತು ಅಂದ್ಕೊಂಡ್ವಿ. ನಿಜ ಹೇಳ್ತೀನಿ, ಅಂದ್ಕೊಳ್ಳೋ ಅಷ್ಟು ಕೂಡ ಯೋಚನೆ ಮಾಡ್ಲಿಲ್ಲ.

ಅದೇ ಎಂಟು ತಿಂಗಳಲ್ಲಿ ನಮ್ಮನೇಲಿ ರಿಪೇರಿ ಆದ ವಸ್ತುಗಳ ಪಟ್ಟಿ ಕೇಳಿ. ವೈಫೈ ರೂಟರ್: ಕೆಟ್ಟ ಇಪ್ಪತ್ತು ನಿಮಿಷಕ್ಕೆ ಕಂಪ್ಲೇಂಟ್ ಹೋಯ್ತು, ಮಾಡಿದ್ದು ನಾನು. ಅಪ್ಪನ ಬೈಕ್ ಚೈನ್: ಎರಡೇ ದಿನ. ಟಿವಿ ರಿಮೋಟ್: ಕ್ರಿಕೆಟ್ ಮ್ಯಾಚ್ ಇತ್ತು, ಅವತ್ತೇ ಹೊಸದು ಬಂತು. ತಮ್ಮನ ಇಯರ್‌ಫೋನ್: ಒಂದು ವಾರ, ಅದೂ ಆನ್‌ಲೈನ್ ಡೆಲಿವರಿ ಲೇಟಾಗಿದ್ದಕ್ಕೆ.

ಹಾಗಾದ್ರೆ ರಿಪೇರಿ ಮಾಡ್ಸೋಕೆ ನಮ್ಮನೇಲಿ ದುಡ್ಡಿಲ್ಲ ಅಂತಲ್ಲ. ಟೈಮಿಲ್ಲ ಅಂತಲೂ ಅಲ್ಲ. ಕೆಟ್ಟಿದ್ದು ಯಾರಿಗೆ ಅನ್ನೋದ್ರ ಮೇಲೆ ಸ್ಪೀಡ್ ಡಿಸೈಡ್ ಆಗ್ತಿತ್ತು, ಅಷ್ಟೇ.

3/10

ಈಗ ನೆಪಗಳ ಸರದಿ. ಇವು ನಿಮ್ಮನೇಲೂ ಇರುತ್ತೆ, ಬೇಕಾದ್ರೆ ಟಿಕ್ ಮಾಡ್ಕೊಂಡು ಹೋಗಿ.

ನೆಪ ಒಂದು: "ಇದು ಓನರ್ ಮಾಡಿಸ್ಬೇಕು." ನಾವು ಬೆಂಗಳೂರಲ್ಲಿ ಬಾಡಿಗೆ ಮನೇಲಿ ಮೊದಲನೇ ಮಹಡೀಲಿರೋದು. ಅಪ್ಪ ಓನರ್ ಅಂಕಲ್‌ಗೆ ಹೇಳಿದ್ರು. ಅವರು "ಬಳಸೋರು ನೀವು, ನೀವೇ ಮಾಡಿಸ್ಕೊಳಿ" ಅಂದ್ರು. ಇಬ್ಬರಿಗೂ ಸ್ವಾಭಿಮಾನ ಜಾಸ್ತಿ, ನಲ್ಲಿ ಮಾತ್ರ ಸೋರ್ತಾನೇ ಇತ್ತು. ಆಮೇಲೆ ನಾನು ಹುಡುಕಿ ಓದಿದೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಲಿ ಕೊನೆಗೆ ಒಂದು ಅನುಸೂಚಿ ಇದೆ. ಪೈಪ್ ಬದಲಾಯಿಸೋದು, ಗೋಡೆಗೆ ಸುಣ್ಣಬಣ್ಣ ಮಾಲೀಕರ ಪಾಲಿಗೆ. ನಲ್ಲಿ ವಾಷರ್, ನಲ್ಲಿ ಬದಲಾವಣೆ ಬಾಡಿಗೆದಾರರ ಪಾಲಿಗೆ. ಅದು ಮಾದರಿ ಅಷ್ಟೇ, ರಾಜ್ಯಗಳು ಅಳವಡಿಸಿಕೊಂಡರೆ ಮಾತ್ರ ಕಾನೂನು. ನಿಮ್ಮ ಅಗ್ರಿಮೆಂಟಲ್ಲಿ ಬೇರೆ ಬರೆದಿದ್ರೆ ಅದನ್ನ ನೋಡಿ. ಆದ್ರೆ ಓನರ್ ಹೆಸರು ಹೇಳ್ಕೊಂಡು ಎಂಟು ತಿಂಗಳು ಕೂರೋ ಅಂಥ ಕೇಸಲ್ಲ ಇದು.

ನೆಪ ಎರಡು: "ಇಷ್ಟು ಸಣ್ಣ ಕೆಲಸಕ್ಕೆ ಪ್ಲಂಬರ್ ಬರಲ್ಲ." ಇದು ಸ್ವಲ್ಪ ನಿಜ. ಅವರಿಗೆ ಒಂದು ಹೊಸ ಬಿಲ್ಡಿಂಗ್ ಕೆಲಸ ಇದ್ರೆ, ನಮ್ಮ ಒಂದು ನಲ್ಲಿಗೋಸ್ಕರ ಅರ್ಧ ದಿನ ಯಾಕೆ ಬಿಡ್ತಾರೆ? ಸರಿ. ಬರಲ್ಲ ಅಂದ್ರೆ ನಾವೇ ಕಲೀಬೇಕಿತ್ತು. ಹೊಸ ಫೋನಿಗೆ ಟೆಂಪರ್ಡ್ ಗ್ಲಾಸ್ ಅಂಟಿಸೋದನ್ನ ವೀಡಿಯೋ ನೋಡಿ ಕಲಿತ ಕೈ ತಾನೇ ಇದು?

ನೆಪ ಮೂರು, ಇದು ನಂದೇ: "ಎಕ್ಸಾಮ್ ಇದೆ." ಎಂಟು ತಿಂಗಳಲ್ಲಿ ಎರಡು ಸೆಮ್ ಎಕ್ಸಾಮ್ ಬಂತು, ನಿಜ. ಎರಡರ ಮಧ್ಯೆ ನಾನು ಎಷ್ಟು ವೆಬ್ ಸೀರೀಸ್ ಮುಗಿಸಿದೆ ಅಂತ ಕೇಳ್ಬೇಡಿ.

4/10

ಈಗ ಕಾಮರ್ಸ್ ಸ್ಟೂಡೆಂಟ್ ಬುದ್ಧಿ ತೋರಿಸ್ತೀನಿ. ನಲ್ಲಿ ಬದಲಾಯಿಸೋಕೆ ಒಂದು ವಾರ ಮುಂಚೆ, ಈ ಸೋರಿಕೆಯಿಂದ ಮನೆಗೆ ಎಷ್ಟು ಲಾಸು ಅಂತ ಲೆಕ್ಕ ಹಾಕೋಕೆ ಕೂತೆ. ಅಪ್ಪನಿಗೆ ನಂಬರ್ ತೋರಿಸಿ ದುಡ್ಡು ಕೇಳೋ ಪ್ಲಾನು.

ಒಂದು ಲೀಟರಿನ ಬಾಟಲ್ ನಲ್ಲಿ ಕೆಳಗಿಟ್ಟು ಟೈಮರ್ ಆನ್ ಮಾಡಿದೆ. ತುಂಬೋಕೆ 72 ನಿಮಿಷ. ಅಂದ್ರೆ ದಿನಕ್ಕೆ 20 ಲೀಟರ್. ಎಂಟು ತಿಂಗಳು, 240 ದಿನ: 4,800 ಲೀಟರ್. ಶುರುವಿನಲ್ಲಿ ಇಷ್ಟು ಜೋರಾಗಿ ಸೋರ್ತಿರಲಿಲ್ಲ, ಆದ್ರೂ ಜಾಸ್ತಿನೇ ಹಿಡಿಯೋಣ.

ಇದಕ್ಕೆ ರೇಟ್ ಹಾಕೋಣ. 2024ರ ಬೇಸಿಗೆ ಬೆಂಗಳೂರು ಮರೆಯಲ್ಲ. ಬೋರ್‌ವೆಲ್ ಬತ್ತಿ ಟ್ಯಾಂಕರ್ ಹಿಂದೆ ಓಡಿದ್ವಿ. ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆರ್ಡರ್ ಮಾಡಿತ್ತು. ಆಗ ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತ್ತು: 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, ತೆರಿಗೆ ಬೇರೆ. ಆ ದರದಲ್ಲಿ ನಮ್ಮ 4,800 ಲೀಟರಿಗೆ 480 ರೂಪಾಯಿ. ಕಾವೇರಿ ನೀರಿನ ದರ ಹಾಕಿದ್ರೆ ಇನ್ನೂ ಕಮ್ಮಿ. ಆ ನೀರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಮೇಲೆ ಹತ್ತಿ ಬರುತ್ತೆ ಅನ್ನೋದು ನಮ್ಮ ಬಿಲ್ಲಲ್ಲಿ ಕಾಣಲ್ಲ.

ಒಳ್ಳೆ ನಲ್ಲಿ ಸಾವಿರದ ಮೇಲೆ. ಲಾಸು 480. ಅಂದ್ರೆ ಅಪ್ಪ ಸುಮ್ನಿದ್ದಿದ್ದೇ ಸರಿ! ನನ್ನ ಪ್ಲಾನ್ ನನ್ನ ಲೆಕ್ಕದಲ್ಲೇ ಬಿದ್ದೋಯ್ತು.

ಇನ್ನೂ ಕೇಳಿ. ಆ 480 ರೂಪಾಯಿ ಕೂಡ ಲಾಸ್ ಆಗಿರಲಿಲ್ಲ. ಯಾಕಂದ್ರೆ ಅಮ್ಮ ಒಂದು ಹನಿಯೂ ಚೆಲ್ಲಿರಲಿಲ್ಲ. ಬೋಗುಣಿ ತುಂಬಿದ್ರೆ ಬಕೆಟ್ಟಿಗೆ, ಬಕೆಟ್ಟಿಂದ ಪಾತ್ರೆಗೆ, ನೆಲ ಒರೆಸೋಕೆ, ತುಳಸಿ ಗಿಡಕ್ಕೆ. ಪುಸ್ತಕದ ಪ್ರಕಾರ ನಮ್ಮನೆ ನಷ್ಟ ಸೊನ್ನೆ.

ಆ ಸೊನ್ನೆ ನೋಡಿದ್ಮೇಲೇ ನನಗೆ ತಲೆ ಕೆಟ್ಟಿದ್ದು.

5/10

ಸೊನ್ನೆ ಹೇಗೆ ಬಂತು? ಯಾರೋ ಒಬ್ಬರು ಪ್ರತಿ ಲೀಟರನ್ನೂ ಹಿಡಿದು, ಎತ್ತಿ, ಸುರಿದಿದ್ದರಿಂದ ಬಂತು. ಹಾಗಾದ್ರೆ ಆ ಹಿಡಿಯೋ ಕೆಲಸಕ್ಕೆ ಎಷ್ಟು ಹೊತ್ತು?

ಮೂರು ದಿನ ಅಮ್ಮನಿಗೆ ಹೇಳದೆ ಬರ್ಕೊಂಡೆ. ಬೆಳಿಗ್ಗೆ ಎದ್ದ ತಕ್ಷಣ ಬೋಗುಣಿ ಖಾಲಿ ಮಾಡೋದು. ಕಲ್ಲಿನ ಮೇಲೆ ಹರಿದ ನೀರು ಒರೆಸಿ ಬಟ್ಟೆ ಹಿಂಡೋದು, ದಿನಕ್ಕೆ ಆರೇಳು ಸಲ. ಸ್ಟವ್ ಕಡೆ ನೀರು ಹೋಗದ ಹಾಗೆ ಇನ್ನೊಂದು ಬಟ್ಟೆ ಅಡ್ಡ ಇಡೋದು. ಪ್ರತಿ ಸಲ ನಲ್ಲಿ ನಿಲ್ಸೋಕೆ ಎರಡೂ ಕೈ ಹಾಕಿ ತಿರುಗಿಸೋದು. ಬೋಗುಣಿ ಪಕ್ಕಕ್ಕಿಟ್ಟು ಪಾತ್ರೆ ತೊಳೆದು ಮತ್ತೆ ಬೋಗುಣಿ ಇಡೋದು. ರಾತ್ರಿ ಮಲಗೋ ಮುಂಚೆ ದೊಡ್ಡ ಪಾತ್ರೆ ಇಡೋದು. ಎಲ್ಲಾ ಒಂದೊಂದು, ಎರಡೆರಡು ನಿಮಿಷದ ಕೆಲಸ. ಕೂಡಿದ್ರೆ ಸರಾಸರಿ ದಿನಕ್ಕೆ 25 ನಿಮಿಷ.

25 ನಿಮಿಷ ಗುಣಿಸು 240 ದಿನ: 6,000 ನಿಮಿಷ. ನೂರು ಗಂಟೆ.

ಈಗ ರೇಟು. ಅಮ್ಮ ಮನೇಲಿ ಸೀರೆಗೆ ಕುಚ್ಚು ಕಟ್ತಾಳೆ. ಸಾದಾ ಕುಚ್ಚಿಗೆ ಒಂದು ಸೀರೆಗೆ ಎರಡೂವರೆ ಗಂಟೆ ಬೇಕು, 200 ರೂಪಾಯಿ ತಗೋತಾಳೆ. ನೂರು ಗಂಟೆ ಅಂದ್ರೆ ನಲವತ್ತು ಸೀರೆ. 8,000 ರೂಪಾಯಿ. ಸೆಕೆಂಡ್ ಇಯರಲ್ಲಿ ಆಪರ್ಚುನಿಟಿ ಕಾಸ್ಟ್ ಅಂತ ಓದಿದ್ವಲ್ಲ, ಅದೇ ಇದು. ನಾನು ಅದಕ್ಕೆ ಡೆಫಿನಿಷನ್ ಬರೆದು ಐದು ಮಾರ್ಕ್ಸ್ ತಗೊಂಡಿದ್ದೆ. ಬರೆದು ಮನೆಗೆ ಬಂದು ಅದೇ ನಲ್ಲಿಲಿ ಕೈ ತೊಳೆದು ಊಟಕ್ಕೆ ಕೂತಿದ್ದೆ.

"ಆ ಟೈಮಲ್ಲಿ ಅಮ್ಮ ಕುಚ್ಚು ಕಟ್ತಿದ್ರು ಅಂತ ಏನು ಗ್ಯಾರಂಟಿ?" ಅಂತ ಕೇಳ್ತೀರ. ಗ್ಯಾರಂಟಿ ಇಲ್ಲ. ಸುಮ್ನೆ ಕೂತಿರ್ತಿದ್ಲೇನೋ. ಕೂರೋದಕ್ಕೂ ಅವಳಿಗೆ ಹಕ್ಕಿದೆ. ಇನ್ನೊಂದು ವಿಷಯ, ರೇಷ್ಮೆ ದಾರ ಒದ್ದೆ ಕೈಲಿ ಮುಟ್ಟೋಕಾಗಲ್ಲ, ಕಲೆ ಬೀಳುತ್ತೆ. ಅವಳು ಪ್ರತಿ ಸಲ ಬೋಗುಣಿ ಮುಟ್ಟಿ ಬಂದು ಕೈ ಒರೆಸಿ ಒಣಗಿಸ್ಕೊಂಡು ಮತ್ತೆ ದಾರ ಹಿಡೀತಿದ್ಲು. ಅದನ್ನ ನಾನು 25 ನಿಮಿಷದಲ್ಲಿ ಸೇರಿಸಿಲ್ಲ.

6/10

ಇದು ನಮ್ಮನೆ ಕಥೆ ಮಾತ್ರ ಅಲ್ಲ, ನಮ್ಮ ಪಠ್ಯಪುಸ್ತಕದ ಕಥೆ ಕೂಡ.

ರಾಷ್ಟ್ರೀಯ ಆದಾಯದ ಪಾಠ ಮಾಡುವಾಗ ಪಿಗೂ ಅನ್ನೋ ಅರ್ಥಶಾಸ್ತ್ರಜ್ಞನ ಉದಾಹರಣೆ ಹೇಳ್ತಾರೆ. ಒಬ್ಬ ಸಂಬಳ ಕೊಟ್ಟು ಮನೆಗೆಲಸಕ್ಕೆ ಇಟ್ಟುಕೊಂಡ ಹೆಂಗಸನ್ನೇ ಮದುವೆಯಾದ್ರೆ ದೇಶದ ಆದಾಯ ಕಮ್ಮಿ ಆಗುತ್ತೆ. ಕೆಲಸ ಅದೇ, ಸಂಬಳ ನಿಂತಿತು, ಹಾಗಾಗಿ ಲೆಕ್ಕದಿಂದ ಮಾಯ. ನಮ್ಮ ಕ್ಲಾಸಲ್ಲಿ ಇದನ್ನ ಹೇಳಿದಾಗ ಎಲ್ಲರೂ ಜೋಕ್ ಥರ ನಕ್ಕಿದ್ವಿ. ಈಗಲೂ ಮನೆಯವರಿಗೋಸ್ಕರ ಸಂಬಳ ಇಲ್ಲದೆ ಮಾಡೋ ಅಡುಗೆ, ಪಾತ್ರೆ, ಬಟ್ಟೆ ಇವೆಲ್ಲ ಜಿಡಿಪಿಯ ಗೆರೆಯಿಂದ ಹೊರಗೇ ಇದೆ.

ಗೆರೆಯಿಂದ ಹೊರಗಿರೋದು ಎಷ್ಟು? ಕೇಂದ್ರ ಸರ್ಕಾರ 2019ರಲ್ಲಿ ಸಮಯ ಬಳಕೆ ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಮಾಡಿದ್ರು: ಹೆಂಗಸರು 289, ಗಂಡಸರು 88. ಐದು ವರ್ಷದಲ್ಲಿ ಹೆಂಗಸರದ್ದು ಹತ್ತು ನಿಮಿಷ ಇಳಿದಿದ್ದಕ್ಕೆ ಖುಷಿಪಡಣ ಅಂದ್ರೆ ಗಂಡಸರದ್ದೂ ಒಂಬತ್ತು ನಿಮಿಷ ಇಳಿದಿದೆ.

ನಿಲ್ಲಿ, 88 ನಿಮಿಷ ಅಂದ್ರೆ ಪರವಾಗಿಲ್ವಲ್ಲ ಅನ್ಸುತ್ತಾ? ಅದು ಸಮೀಕ್ಷೆ ದಿನ ಮನೆಗೆಲಸ ಮಾಡಿದ ಗಂಡಸರ ಸರಾಸರಿ ಮಾತ್ರ. ಮಾಡದೇ ಇರೋರು ಆ ಲೆಕ್ಕದಲ್ಲೇ ಇಲ್ಲ. 2019ರಲ್ಲಿ ಮಾಡಿದ ಗಂಡಸರು ನೂರಕ್ಕೆ 26. ಹೆಂಗಸರು ನೂರಕ್ಕೆ 81.

ಇದನ್ನ ನಾನು ಬ್ಯಾನರ್ ಹಿಡಿಯೋಕೆ ಹೇಳ್ತಿಲ್ಲ. ಮನೇಲಿ ಯಾವುದನ್ನ ರಿಪೇರಿ ಮಾಡಿಸ್ಬೇಕು, ಯಾವುದು "ಇರಲಿ ಬಿಡು" ಅನ್ನೋದು ಈ ಲೆಕ್ಕದಿಂದಲೇ ನಿರ್ಧಾರ ಆಗೋದು. ಅಪ್ಪನ ಬೈಕ್ ನಿಂತ್ರೆ ಸಂಬಳ ನಿಲ್ಲುತ್ತೆ, ಅದು ನಷ್ಟ. ಅಮ್ಮನ ನಲ್ಲಿ ಸೋರಿದ್ರೆ ಅಮ್ಮ ಇನ್ನಷ್ಟು ಕೆಲಸ ಮಾಡ್ತಾಳೆ, ಅದಕ್ಕೆ ಬಿಲ್ ಬರಲ್ಲ. ಬಿಲ್ ಬರದೇ ಇರೋದನ್ನ ನಾವು ಫ್ರೀ ಅಂತ ಓದ್ಕೊಂಡಿದ್ದೀವಿ.

7/10

ಈಗ ಕೆಲಸಕ್ಕೆ ಬರೋಣ. ಮೊದಲು ಅಂಗಡಿ.

ನಲ್ಲಿ ತರೋಕೆ ಮುಂಚೆ ರಿಪೇರಿ ಸಾಕಾ ಅಂತ ನೋಡಿ. ಹಳೇ ಕಾಲದ, ಸುತ್ತು ಸುತ್ತು ತಿರುಗಿಸೋ ನಲ್ಲಿ ಆದ್ರೆ ಒಳಗೆ ಒಂದು ರಬ್ಬರ್ ವಾಷರ್ ಇರುತ್ತೆ, ಸವೆದಿದ್ರೆ ಅದನ್ನೊಂದು ಹಾಕಿದ್ರೆ ಸಾಕು, ಬರೀ ಚಿಲ್ಲರೆ ಖರ್ಚು. ಕಾಲು ಸುತ್ತಿಗೆ ಆನ್-ಆಫ್ ಆಗೋದಾದ್ರೆ ಒಳಗೆ ಸೆರಾಮಿಕ್ ಡಿಸ್ಕ್ ಇರೋ ಕಾರ್ಟ್ರಿಜ್, ಅದನ್ನೂ ಬೇರೆಯಾಗಿ ಕೊಡ್ತಾರೆ. ನಮ್ಮದು ವಾಷರ್ ಕೂರೋ ಜಾಗವೇ ಸವೆದಿತ್ತು, ಕತ್ತೂ ಹೋಗಿತ್ತು. ಆದ್ದರಿಂದ ಪೂರ್ತಿ ಹೊಸದು.

ನಮ್ಮದು ಗೋಡೆಗೆ ಕೂರೋ ಥರ. ಅಂಗಡೀಲಿ ಸಿಂಕ್ ಕಾಕ್ ಅಂತ ಕೇಳಿ, ಅರ್ಧ ಇಂಚಿಂದು. ಹಿತ್ತಾಳೆ ಬಾಡಿ ತಗೊಳಿ, ಕೈಲಿ ಹಿಡಿದ್ರೆ ಭಾರ ಗೊತ್ತಾಗುತ್ತೆ. ಐಎಸ್ಐ ಮಾರ್ಕ್ ನೋಡಿ. ಜೊತೆಗೆ ಟೆಫ್ಲಾನ್ ಟೇಪ್ ಎರಡು ರೋಲ್. ಗೋಡೆ ಒಳಗಿನ ಪೈಪಿನ ಬಾಯಿ ಟೈಲ್ಸಿಗಿಂತ ಒಳಗೆ ಕೂತಿದ್ರೆ ಎಕ್ಸ್‌ಟೆನ್ಷನ್ ನಿಪ್ಪಲ್ ಬೇಕು, ಎಷ್ಟು ಒಳಗಿದೆ ಅಂತ ಮೊದಲೇ ಅಳತೆ ಮಾಡ್ಕೊಳಿ.

ನನ್ನ ಖರ್ಚು: ನಲ್ಲಿ 1,130, ನಿಪ್ಪಲ್ 90, ಟೇಪ್ 40. ಒಟ್ಟು 1,260. ಸ್ಪ್ಯಾನರ್ ಪಕ್ಕದ ಮನೆಯಿಂದ ಸಾಲ. ದುಡ್ಡು ಕೊಟ್ಟಿದ್ದು ಯಾರು ಗೊತ್ತಾ? ಅಮ್ಮ. ಗೃಹಲಕ್ಷ್ಮಿ ದುಡ್ಡು ಬಂದಿತ್ತು, "ತಗೋ, ಇದ್ರಲ್ಲಿ ತಂದುಬಿಡು" ಅಂದ್ಲು.

ಇಲ್ಲೂ ನಾನೊಂದು ತಪ್ಪು ಮಾಡಿದೆ. ಅಂಗಡೀಲಿ ಗಿಡ್ಡಕ್ಕೆ, ಸ್ಟೈಲಾಗಿರೋ ಒಂದು ನಲ್ಲಿ ಆರಿಸ್ಕೊಂಡು ಬಂದೆ. ಅಮ್ಮ ಕೈಲಿ ಹಿಡಿದು ಒಂದೇ ಪ್ರಶ್ನೆ ಕೇಳಿದ್ಲು: "ಇದರ ಕೆಳಗೆ ಐದು ಲೀಟರ್ ಕುಕ್ಕರ್ ಹಿಡಿಯುತ್ತೇನೋ?" ಹಿಡೀತಿರಲಿಲ್ಲ. ವಾಪಸ್ ಹೋಗಿ ಎತ್ತರದ ಕತ್ತಿರೋದು ತಂದೆ. ದಿನಕ್ಕೆ ನಲವತ್ತು ಸಲ ಬಳಸೋಳನ್ನ ಕೇಳದೆ ದಿನಕ್ಕೆ ಎರಡು ಸಲ ಬಾಟಲ್ ತುಂಬಿಸೋನು ಆರಿಸಿದ್ದ. ನಮ್ಮ ಬಾಡಿಗೆ ಮನೆಗಳ ಅಡುಗೆಮನೆಗಳೆಲ್ಲ ಹೀಗೇ ಕಟ್ಟಿರೋದು ಅನ್ಸುತ್ತೆ ಒಮ್ಮೊಮ್ಮೆ.

8/10

ಹಾಕೋ ವಿಧಾನ. ಸೇವ್ ಮಾಡ್ಕೊಳಿ.

ಒಂದು: ಟೆರೇಸಲ್ಲಿ ಟ್ಯಾಂಕಿಂದ ಅಡುಗೆಮನೆಗೆ ಬರೋ ವಾಲ್ವ್ ಕ್ಲೋಸ್ ಮಾಡಿ. ಯಾವುದು ಅಂತ ಗೊತ್ತಿಲ್ಲದಿದ್ರೆ ಒಂದೊಂದೇ ಮುಚ್ಚಿ ನೋಡಿ, ಕೆಳಗಿನ ಮನೆಯವರಿಗೆ ಮೊದಲೇ ಹೇಳಿ. ಆಮೇಲೆ ನಲ್ಲಿ ತೆಗೆದು ಪೈಪಲ್ಲಿರೋ ನೀರೆಲ್ಲ ಹೋಗೋಕೆ ಬಿಡಿ.

ಎರಡು: ಹಳೇ ನಲ್ಲಿ ಬುಡಕ್ಕೆ ಸ್ಪ್ಯಾನರ್ ಹಾಕಿ, ಗಡಿಯಾರದ ಉಲ್ಟಾ ದಿಕ್ಕಿಗೆ ನಿಧಾನವಾಗಿ ತಿರುಗಿಸಿ. ಎಳೀಬೇಡಿ, ಗುದ್ದಬೇಡಿ. ಗೋಡೆ ಒಳಗೆ ಪ್ಲಾಸ್ಟಿಕ್ ಪೈಪಿದ್ರೆ ಅದರ ಜಾಯಿಂಟ್ ಬಿರುಕು ಬಿಟ್ರೆ ಟೈಲ್ಸ್ ಒಡೀಬೇಕಾಗುತ್ತೆ. ಗೋಡೆ ಅಲುಗಾಡಿದ ಹಾಗನ್ಸಿದ್ರೆ ಅಲ್ಲೇ ನಿಲ್ಲಿಸಿ, ಪ್ಲಂಬರ್ ಕರೆಸಿ. ಇದರಲ್ಲಿ ಹೀರೋಯಿಸಂ ಬೇಡ.

ಮೂರು: ಗೋಡೆ ಒಳಗಿನ ಮರೆಗಳನ್ನ ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ. ಹಳೇ ಟೇಪು, ಸೆಣಬಿನ ನಾರು, ಬಿಳೀ ಉಪ್ಪಿನ ಪದರ ಎಲ್ಲ ಹೋಗ್ಬೇಕು.

ನಾಲ್ಕು: ಟೇಪ್ ಹಾಕದೆ ಹೊಸ ನಲ್ಲಿ ಒಂದ್ಸಲ ತಿರುಗಿಸಿ ನೋಡಿ, ಎಷ್ಟು ಸುತ್ತು ಹೋಗುತ್ತೆ, ಎಲ್ಲಿ ನಿಲ್ಲುತ್ತೆ ಗೊತ್ತಾಗುತ್ತೆ. ನಿಪ್ಪಲ್ ಹಾಕೋದಾದ್ರೆ ಅದರ ಮರೆಗೂ ಟೇಪ್ ಸುತ್ತಿ ಮೊದಲು ಗೋಡೆಗೆ ಕೂರಿಸಿ.

ಐದು: ಟೇಪು. ನಲ್ಲಿಯ ಮರೆ ಇರೋ ತುದಿ ನಿಮ್ಮ ಕಡೆ ಇರಲಿ, ಗಡಿಯಾರದ ದಿಕ್ಕಿಗೆ ಎಳೆದು ಬಿಗಿಯಾಗಿ ಸುತ್ತಿ, ಹತ್ತು ಹನ್ನೆರಡು ಸುತ್ತು. ಗೋಡೆ ಮೇಲೆ ಕೂರೋ ಬಿಲ್ಲೆ ಮೊದಲು ಹಾಕೋದು ಮರೀಬೇಡಿ.

ಆರು: ಕೈಲಿ ಹೋಗೋಷ್ಟು ತಿರುಗಿಸಿ, ಆಮೇಲೆ ಬಟ್ಟೆ ಸುತ್ತಿ ಸ್ಪ್ಯಾನರಲ್ಲಿ ಇನ್ನು ಅರ್ಧ, ಮುಕ್ಕಾಲು ಸುತ್ತು. ನಲ್ಲಿ ಸೊಟ್ಟ ನಿಂತ್ರೆ ಹಿಂದಕ್ಕೆ ತಿರುಗಿಸಿ ನೆಟ್ಟಗೆ ಮಾಡ್ಬೇಡಿ, ಟೇಪಿನ ಹಿಡಿತ ಹೋಗುತ್ತೆ. ಪೂರ್ತಿ ಬಿಚ್ಚಿ ಹೊಸ ಟೇಪ್ ಸುತ್ತಿ.

ಏಳು: ಮೂತಿಯಲ್ಲಿರೋ ಜಾಲರಿ ತೆಗೆದಿಟ್ಟು ವಾಲ್ವ್ ನಿಧಾನ ಓಪನ್ ಮಾಡಿ. ಮೊದಲ ನೀರಲ್ಲಿ ಮರಳು, ಕಸ ಬರುತ್ತೆ. ಆಮೇಲೆ ಜಾಲರಿ ಹಾಕಿ. ಬುಡದ ಸುತ್ತ ಒಣ ಪೇಪರ್ ಇಟ್ಟು ಕಾಲು ಗಂಟೆ ಕಾಯಿರಿ. ಪೇಪರ್ ಒಣಗಿದ್ರೆ ಪಾಸು.

ನಂದು ಮೊದಲ ಸಲ ಫೇಲು. ನಮ್ಮ ಬೀದಿಲಿರೋ ಒಬ್ಬ ಪ್ಲಂಬರ್ ಅಣ್ಣನಿಗೆ ಫೋನ್ ಮಾಡಿದೆ. ಎರಡು ಸೆಕೆಂಡಲ್ಲಿ ಹೇಳಿದ್ರು: "ಟೇಪ್ ಉಲ್ಟಾ ಸುತ್ತಿದೀಯ." ಹೌದು, ಉಲ್ಟಾನೇ ಸುತ್ತಿದ್ದೆ.

9/10

ಕಾಮೆಂಟಲ್ಲಿ ಬರೋ ಎರಡು ಮಾತಿಗೆ ಮೊದಲೇ ಉತ್ತರ ಕೊಡ್ತೀನಿ.

"ಎಲ್ಲರೂ ಹೀಗೆ ಮಾಡಿದ್ರೆ ಪ್ಲಂಬರ್ ಹೊಟ್ಟೆಗೇನು?" ಈ ಪ್ರಶ್ನೆ ಕೇಳೋರು ಎಂಟು ತಿಂಗಳು ಯಾವ ಪ್ಲಂಬರನ್ನೂ ಕರೆಸಿರಲ್ಲ ಅನ್ನೋದು ನನ್ನ ಅನುಭವ. ಕರೆಸಿ, ದುಡ್ಡು ಕೊಡಿ, ಚೌಕಾಸಿ ಮಾಡದೆ ಕೊಡಿ. ನಂಗೇನೂ ಬೇಜಾರಿಲ್ಲ. ಫೋನಲ್ಲೇ ಕಾಣದ ತಪ್ಪು ಹಿಡಿದ ಆ ಅಣ್ಣನ ಕೈಲಿ ಎಷ್ಟು ವರ್ಷದ ಕೆಲಸ ಇದೆ ಅಂತ ಅವತ್ತು ಗೊತ್ತಾಯ್ತು. ಕೆಲಸ ಮಾಡಿ ನೋಡಿದ್ಮೇಲೆ "ಹತ್ತು ನಿಮಿಷದ ಕೆಲಸಕ್ಕೆ ಇಷ್ಟಾ?" ಅಂತ ಕೇಳೋ ಬಾಯಿ ನಂದು ಮುಚ್ಚಿದೆ. ನಾನು ಹೇಳ್ತಿರೋದು ನೀವೇ ಮಾಡಿ ಅಂತಲ್ಲ, ಆಗೋ ಹಾಗೆ ಮಾಡಿ ಅಂತ. ಈ ವಾರ.

"ಅಮ್ಮ ಯಾವತ್ತೂ ಕಂಪ್ಲೇಂಟ್ ಮಾಡಲ್ಲ." ಇದು ಎರಡನೇದು, ಇದಕ್ಕೆ ನಂಗೆ ನಿಜವಾಗ್ಲೂ ಕೋಪ ಬರುತ್ತೆ. ಮಾಡಿದ್ಲು. ಮೂರು ಸಲ. ನಾವು ಕೇಳಿಸ್ಕೊಳ್ಳಲಿಲ್ಲ, ಆಮೇಲೆ ಅವಳ ಸುಮ್ಮನಿರೋದಕ್ಕೆ "ತಾಳ್ಮೆ" ಅಂತ ಹೆಸರಿಟ್ವಿ. ತಾಯಂದಿರ ದಿನ ಬಂದ್ರೆ ತಾಳ್ಮೆಗೆ ಇನ್ನೊಂದು ಹೆಸರು ಅಮ್ಮ ಅಂತ ಪೋಸ್ಟ್ ಹಾಕ್ತೀವಿ. ನಾನೂ ಹಾಕಿದ್ದೆ, ಈ ವರ್ಷ ಮೇ ತಿಂಗಳಲ್ಲಿ, ಅದೇ ಅಡುಗೆಮನೇಲಿ ತೆಗೆದ ಸೆಲ್ಫಿ. ಈಗ ಜೂಮ್ ಮಾಡಿ ನೋಡಿದ್ರೆ ಹಿಂದೆ ಬೋಗುಣಿ ಕಾಣುತ್ತೆ. 340 ಲೈಕ್ ಬಂದಿತ್ತು. ಆ ಪೋಸ್ಟ್ ಡಿಲೀಟ್ ಮಾಡಿಲ್ಲ, ಇರಲಿ ಅಂತ ಬಿಟ್ಟಿದ್ದೀನಿ, ಹೋಗಿ ನೋಡಿ.

ಅದಕ್ಕೇ ಈ ಸೀರೀಸಿನ ಕೆಳಗೆ "ಒಳ್ಳೆ ಮಗ" ಅಂತ ದಯವಿಟ್ಟು ಹಾಕ್ಬೇಡಿ. ಮನೇಲಿ ಇರೋನು ಮನೆ ಕೆಲಸ ಮಾಡಿದ್ರೆ ಅದಕ್ಕೆ ಸನ್ಮಾನ ಮಾಡೋದೇ ಕಾಯಿಲೆ. ಶಾಲು ಹೊದಿಸಿ ಹಾರ ಹಾಕಿದ್ರೆ ನಾವು ಆ ಕೆಲಸಕ್ಕೆ ಗೆಸ್ಟು ಅಂತ ಅರ್ಥ. ಒಂದು ಭಾನುವಾರದ ಗೆಸ್ಟ್ ಅಪಿಯರೆನ್ಸಿಗೆ ಕೈ ಮುಗಿಯೋದು ಬಿಟ್ಟು, ಸೋಮವಾರ ಬೆಳಿಗ್ಗೆ ಆ ಸಿಂಕಲ್ಲಿ ಪಾತ್ರೆ ಯಾರು ತೊಳೆದ್ರು ಅಂತ ಕೇಳಿ.

ಕೇಳಿದ್ರೆ ಹೇಳ್ತೀನಿ: ಸೋಮವಾರ ಅಮ್ಮ. ಮಂಗಳವಾರ ನಾನು. ಬುಧವಾರ ತಮ್ಮ, ಅರ್ಧ ಮಾತ್ರ, ಜಗಳ ಮಾಡ್ಕೊಂಡು. ಗುರುವಾರ ಮತ್ತೆ ಅಮ್ಮ. ಇನ್ನೂ ಸರಿಹೋಗಿಲ್ಲ. ಸರಿಹೋಯ್ತು ಅಂತ ಸುಳ್ಳು ಹೇಳಲ್ಲ.

10/10

ಕೊನೇ ಫೋಟೋ: ಹೊಸ ನಲ್ಲಿ. ಅದರ ಕೆಳಗೆ ಅದೇ ಬೋಗುಣಿ.

ಭಾನುವಾರ ರಾತ್ರಿ ತೆಗೆದಿದ್ದು. ಕೆಲಸ ಎಲ್ಲ ಮುಗಿದು, ಪೇಪರ್ ಟೆಸ್ಟ್ ಪಾಸಾಗಿ, ಅಪ್ಪ ಬಂದು ಎರಡು ಸಲ ತಿರುಗಿಸಿ ನೋಡಿ "ಪರವಾಗಿಲ್ವೇ" ಅಂದು ಟಿವಿ ಮುಂದೆ ಹೋಗಿದ್ರು. ಹತ್ತೂವರೆಗೆ ನೀರು ಕುಡಿಯೋಕೆ ಅಡುಗೆಮನೆಗೆ ಹೋದೆ. ಲೈಟ್ ಆಫ್ ಆಗಿತ್ತು, ಅಮ್ಮ ಮಲಗಿದ್ಲು. ಹೊಸ ನಲ್ಲಿ ಕೆಳಗೆ ದೊಡ್ಡ ಬೋಗುಣಿ ಇತ್ತು. ಒಂದು ಹನಿ ಇಲ್ಲ, ಒಣಗಿತ್ತು.

ಬೆಳಿಗ್ಗೆ ಕೇಳಿದೆ, ಯಾಕಮ್ಮ, ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಾ? ಅವಳಿಗೆ ನಗು ಬಂತು. "ಅಯ್ಯೋ, ಇಟ್ಟಿದ್ದೇ ಗೊತ್ತಾಗ್ಲಿಲ್ಲ ಕಣೋ. ಕೈಗೆ ಅಭ್ಯಾಸ ಆಗ್ಬಿಟ್ಟಿದೆ."

ನಾನು ಹಾಕಿದ 8,000 ರೂಪಾಯಿ ಲೆಕ್ಕದಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಈಗ ನಿಮ್ಮ ಸರದಿ. ಇವತ್ತು ಸಂಜೆ ಮನೆಗೆ ಹೋದ ತಕ್ಷಣ, ಪಿಜಿ, ಹಾಸ್ಟೆಲಲ್ಲಿದ್ರೆ ಫೋನ್ ಮಾಡಿ, ಎರಡು ಪ್ರಶ್ನೆ ಕೇಳಿ. ಅಡುಗೆಮನೇಲಿ ಏನು ಕೆಟ್ಟಿದೆ? ಯಾವತ್ತಿಂದ? ಮಿಕ್ಸಿ ಜಾರಿನ ಹಿಡಿ, ಕುಕ್ಕರ್ ಗ್ಯಾಸ್ಕೆಟ್, ಒಂದು ಕಡೆ ಉರಿಯದ ಸ್ಟವ್, ಕೈ ಎಟುಕದ ಶೆಲ್ಫ್, ಫ್ಯೂಸ್ ಹೋದ ಬಲ್ಬ್, ಏನಾದ್ರೂ ಒಂದು ಇದ್ದೇ ಇರುತ್ತೆ. "ಏನೂ ಇಲ್ಲ ಬಿಡು" ಅಂತಾರೆ ಮೊದಲು. ಎರಡನೇ ಸಲ ಕೇಳಿ. ಅವರು ನಮಗೆ ಮೂರು ಸಲ ಹೇಳಿದ್ರಲ್ಲ, ನಾವು ಎರಡು ಸಲ ಕೇಳೋಕೆ ಏನು ಕಷ್ಟ?

ಕಾಮೆಂಟಲ್ಲಿ ಬರೀಬೇಕಾಗಿದ್ದು ಒಂದೇ: ಏನು, ಎಷ್ಟು ತಿಂಗಳಿಂದ. ಫೋಟೋ ಬೇಡ, ಅಮ್ಮಂದಿರನ್ನ ಟ್ಯಾಗ್ ಮಾಡೋದು ಬೇಡ. ರಿಪೇರಿ ಆದ್ಮೇಲೆ ಅದೇ ಕಾಮೆಂಟಿಗೆ ಬಂದು "ಆಯ್ತು" ಅಂತ ಹಾಕಿ. ಟೇಪ್ ಯಾವ ದಿಕ್ಕಿಗೆ ಸುತ್ತೋದು ಅಂತ ಡೌಟ್ ಬಂದ್ರೆ ಮೆಸೇಜ್ ಮಾಡಿ. ಸ್ಪ್ಯಾನರ್ ಬೇಕಿದ್ರೆ ಈಗ ನನ್ನ ಹತ್ರಾನೇ ಒಂದಿದೆ, ಕಾಲೇಜಿಗೆ ತರ್ತೀನಿ.

#ಅಡುಗೆಮನೆ_ಲೆಕ್ಕ #ಏನು_ಯಾವತ್ತಿಂದ